ಕಾರಿಗೆ ಹತ್ತಿದ ವಿಭೂತಿ ತೆಗೆಯುವುದು ಹೇಗೆ

ಹುಬ್ಬಳ್ಳಿಯಿಂದ ಬಂದಿದ್ದ ತಂಗಿಯ ಮಗ ನಮ್ಮ ಕಾರಿಗೆ ಒಂದು ಸುತ್ತು ಹಾಕಿ, "ಮಾಮಾ, ಕಾರಿಗೂ ವಿಭೂತಿ ಹಚ್ಚೀರೇನು?" ಅಂದ. ನಗು ಬಂತು, ಸಿಟ್ಟೂ ಬಂತು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಹನ್ನೊಂದು ವರ್ಷದ ಬಿಳಿ ಕಾರು. ಬಂಪರಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪಟ್ಟಿ, ವೈಪರ್ ಬುಡದ ಜಾಲರಿ, ಕಪ್ಪಾಗಿರಬೇಕಾದದ್ದೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು.

ನಾವಿರುವುದು ಗೋವಾದ ವಾಸ್ಕೋದಲ್ಲಿ, ಮಾಂಗೋರ್ ಗುಡ್ಡದ ಮೇಲೆ. ಕಾರು ನಿಲ್ಲುವುದು ಬಯಲಲ್ಲಿ, ಮೂತಿ ಪಡುವಣಕ್ಕೆ. ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಬಿಸಿಲು ನೇರ ಮುಂದಿನ ಬಂಪರಿಗೇ ಹೊಡೆಯುತ್ತದೆ. ಉಪ್ಪುಗಾಳಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಮಳೆ ನಿಂತ ಮೇಲೆ ಕೆಂಪು ಮಣ್ಣಿನ ಧೂಳು. ಪ್ಲಾಸ್ಟಿಕ್ಕಿನ ಗತಿ ಏನಾಗಬೇಕು ಹೇಳಿ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕಾರು ತೊಳೆಸುವ ಒಂದು ಕಡೆ, ಗದಗ ಕಡೆಯ ಹುಡುಗ "ಸರ, ಒಂದು ಸ್ಪೆಷಲ್ ಐತ್ರಿ, ಹೊಡಿಲ್ಯಾ?" ಅಂದ. ನಮ್ಮ ಭಾಷೆ ಕೇಳಿದ ಖುಷಿಯಲ್ಲಿ ಹ್ಞೂಂ ಅಂದೆ. ಡೀಸೆಲ್ ವಾಸನೆಯ ಏನನ್ನೋ ಬಟ್ಟೆಯಲ್ಲಿ ಅದ್ದಿ ಒರೆಸಿದ. ಹತ್ತೇ ನಿಮಿಷದಲ್ಲಿ ಶೋರೂಮಿನಿಂದ ಬಂದ ಹಾಗೆ ಕಪ್ಪು! ನಾಲ್ಕನೇ ದಿನ ಮಳೆ ಬಂತು. ಬಿಳಿ ಬಾಗಿಲ ಮೇಲೆ ಎಣ್ಣೆಯ ಗೆರೆಗಳು ಇಳಿದವು. ಉಳಿದ ಎಣ್ಣೆಗೆ ಧೂಳು ಮೆತ್ತಿಕೊಂಡು ಮೊದಲಿಗಿಂತ ಕೊಳಕಾಯಿತು. ಡೀಸೆಲ್, ಸೀಮೆಎಣ್ಣೆಯಂಥವು ಬಾಗಿಲ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ, ಅದು ಇನ್ನೊಂದು ತಲೆನೋವು. ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಅದೂ ಧೂಳು ಹಿಡಿಯುವ ಕೆಲಸವೇ.

ಆಮೇಲೆ ಇದು ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ತಿಳಿದುಕೊಂಡೆ. ಈ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಂಪರಿನ ಒಳಮೈಯಲ್ಲಿ 'ಪಿಪಿ' ಅಂತ ಅಚ್ಚು ಇರುತ್ತದೆ. ಕೆಲವು ಕಡೆ ಪಕ್ಕದಲ್ಲೇ 'ಇಪಿಡಿಎಂ', 'ಟಿ20' ಅಂತಲೂ ಇರುತ್ತದೆ. ಅಂದರೆ ರಬ್ಬರಿನಂಥ ವಸ್ತು ಬೆರೆಸಿದ್ದಾರೆ, ನೂರಕ್ಕೆ 20 ಪಾಲು ಟಾಲ್ಕ್ ಇದೆ ಅಂತ. ಹೌದು, ಮುಖಕ್ಕೆ ಹಚ್ಚುವ ಪೌಡರಿನ ಟಾಲ್ಕೇ. ಕಪ್ಪು ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್, ಟೈರಿಗೆ ಹಾಕುವ ಅದೇ ಮಸಿ. ಬಿಸಿಲಿನ ಅತಿನೇರಳೆ ಕಿರಣ ಮೇಲಿನ ತೆಳು ಪದರದ ಪ್ಲಾಸ್ಟಿಕ್ಕನ್ನು ಒಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತವೆ, ಪುಡಿ ಏಳುತ್ತದೆ. ಬೆಳಕು ಆ ಒರಟಿನಲ್ಲಿ ಚೆದುರಿ ನಮಗೆ ಬಿಳಿಚಿಕೊಂಡಂತೆ ಕಾಣುತ್ತದೆ. ಮಸಿ ಎಲ್ಲೂ ಹೋಗಿಲ್ಲ, ಮೇಲ್ಮೈ ಒಡೆದಿದೆ ಅಷ್ಟೆ. ತಂಗಿಯ ಮಗನ ವಿಭೂತಿ ಮಾತು ಅಷ್ಟೇನೂ ತಪ್ಪಲ್ಲ ಅಲ್ವಾ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಒಂದು ಲೋಟ ನೀರು ತಗೊಳ್ಳಿ. ಬಿಳಿಚಿಕೊಂಡ ಜಾಗವನ್ನು ಮೊದಲು ಸೋಪು ಹಾಕಿ ತಿಕ್ಕಿ, ಒಣಗಿಸಿ, ಮೇಲೆ ನೀರು ಸವರಿ. ಒದ್ದೆಯಾದಾಗ ಕಪ್ಪಾಗಿ ಕಂಡರೆ ಸಂತೋಷ. ಬಿರುಕು ತುಂಬುವ ಯಾವುದಾದರೂ ಒಳ್ಳೆಯ ಲೇಪ ಸಾಕು. ಒದ್ದೆಯಾದರೂ ಬೂದಿಯಾಗೇ ಇದ್ದರೆ ಬರೀ ಲೇಪದಿಂದ ಆಗದು, ಬಣ್ಣ ಇರುವ ದ್ರವವೇ ಬೇಕು. ನನ್ನ ಕಾರಿನಲ್ಲಿ ವೈಪರ್ ಬುಡದ ಜಾಲರಿ ಬಿಟ್ಟು ಉಳಿದದ್ದೆಲ್ಲ ಪಾಸಾಯಿತು.

ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ದಿನ ಒಳ್ಳೆಯದು. ಇಲ್ಲಿ ದೀಪಾವಳಿಗೆ ಸುಡುವ ನರಕಾಸುರನ ಬೊಂಬೆ ಸುಟ್ಟ ಮರುವಾರ ನಾನು ಶುರು ಮಾಡಿದೆ. ಮಳೆಗಾಲದಲ್ಲಂತೂ ಬೇಡ. ಹಚ್ಚಿದ್ದು ಗಟ್ಟಿಯಾಗಲು ಒಂದು ದಿನವಾದರೂ ನೀರು ತಾಕಬಾರದು, ಮಳೆಗಾಲದ ಗೋವಾದಲ್ಲಿ ಅಂಥ ದಿನ ಎಲ್ಲಿ ಸಿಗುತ್ತದೆ? ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ನೆರಳಿನಲ್ಲಿ. ಪ್ಲಾಸ್ಟಿಕ್ ಕೈಗೆ ತಣ್ಣಗಿರಬೇಕು.

ಈಗ ತೊಳೆಯುವುದು. ನಿಜವಾದ ಕೆಲಸ ಇಷ್ಟೇ, ಉಳಿದದ್ದು ಸುಮ್ನೆ ಸವರುವುದು. ಮೊದಲು ಇಡೀ ಕಾರಿಗೆ ಶಾಂಪೂ ಹಾಕಿ ಮಣ್ಣು ತೆಗೆಯಿರಿ. ಆಮೇಲೆ ಪ್ಲಾಸ್ಟಿಕ್ಕಿಗೆ ಮಾತ್ರ ಆಲ್ ಪರ್ಪಸ್ ಕ್ಲೀನರ್, ಒಂದು ಪಾಲಿಗೆ ಹತ್ತು ಪಾಲು ನೀರು. ಅದಿಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ. ಬಣ್ಣದ ಭಾಗಕ್ಕೆ ಪದೇ ಪದೇ ಬೇಡ, ಹಾಕಿದ ವ್ಯಾಕ್ಸ್ ಹೋಗುತ್ತದೆ. ಮೆತ್ತನೆಯ ನೈಲಾನ್ ಬ್ರಷ್ ಒಂದು, ಸಂದಿಗಳಿಗೆ ಹಳೇ ಟೂತ್ ಬ್ರಷ್ ಒಂದು. ಈ ಪ್ಲಾಸ್ಟಿಕ್ಕಿನ ಮೈ ಚರ್ಮದ ಹಾಗೆ ಗುಳಿಗುಳಿ ಇರುತ್ತದೆ. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ದುಂಡಗೊಮ್ಮೆ ತಿಕ್ಕಬೇಕು. ಮೊದಲ ಸಲ ನನಗೆ ಬಂದ ನೊರೆ ಚಹಾದ ಬಣ್ಣದ್ದು. ಎರಡನೆಯದು ತಿಳಿಗೆಂಪು. ಮೂರನೆಯದಕ್ಕೂ ಬಿಳಿ ಬರಲಿಲ್ಲ, ನಾಲ್ಕನೆಯದಕ್ಕೆ ಬಂತು. ನೊರೆ ಬಿಳಿಯಾಗುವ ತನಕ ಬಿಡಬೇಡಿ. ಕ್ಲೀನರ್ ಒಣಗಲೂ ಬಿಡಬೇಡಿ, ಒಂದು ಪಟ್ಟಿ ತಿಕ್ಕಿ ತೊಳೆದು ಮುಂದಿನದಕ್ಕೆ ಹೋಗಿ.

ಅಂಚಿನಲ್ಲಿ ಬಿಳಿ ಗೆರೆಯ ಹಾಗೆ ಕೂತಿರುವುದು ಹೆಚ್ಚಾಗಿ ಒಣಗಿದ ಪಾಲಿಶ್, ವ್ಯಾಕ್ಸ್. ಬ್ರಷ್ಷಿಗೆ ಬಗ್ಗದಿದ್ದರೆ ಮಕ್ಕಳ ಬಿಳಿ ರಬ್ಬರಿನಿಂದ, ಪೆನ್ಸಿಲ್ ಅಳಿಸುವ ಅದೇ ರಬ್ಬರಿನಿಂದ ಉಜ್ಜಿ ನೋಡಿ. ಚೆನ್ನಾಗಿ ಬಿಡುತ್ತದೆ. ಪೀನಟ್ ಬಟರ್ ಹಚ್ಚಿದರೂ ಹೋಗುತ್ತದೆ ಅನ್ನುತ್ತಾರೆ. ಹೋಗುತ್ತದೆ, ಅದರ ಎಣ್ಣೆ ವ್ಯಾಕ್ಸನ್ನು ಸಡಿಲ ಮಾಡುತ್ತದೆ. ಆದರೆ ಗುಳಿಯೊಳಗೆ ಉಳಿದ ಶೇಂಗಾಕ್ಕೆ ಮರುದಿನ ಬೆಳಿಗ್ಗೆ ಇರುವೆಗಳ ಮೆರವಣಿಗೆ ಬಂದಿತ್ತು. ಮನೆಯವಳು ಅದರ ಫೋಟೊ ತೆಗೆದು ಹುಬ್ಬಳ್ಳಿಗೆ ಕಳಿಸಿದಳು.

ಒಣಗಿಸುವುದಕ್ಕೆ ಅವಸರ ಬೇಡ. ಮೇಲ್ಮೈ ಒಣಗಿದರೂ ಸಂದಿಯಲ್ಲಿ ನೀರು ಕೂತಿರುತ್ತದೆ. ನೀವು ಹಚ್ಚಿ ಮುಗಿಸಿದ ಮೇಲೆ ಮೆಲ್ಲಗೆ ಇಳಿದು ಬಂದು ಗೆರೆ ಎಳೆಯುತ್ತದೆ. ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರಿನಲ್ಲಿ ಸಂದಿಗಳಿಗೆ ಗಾಳಿ ಹೊಡೆದು, ಅರ್ಧ ಗಂಟೆ ಬಿಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅರ್ಧ, ನೀರು ಅರ್ಧ ಬೆರೆಸಿ ಒಂದು ಸಲ ಒರೆಸಿ. ಹಳೆಯ ಎಣ್ಣೆಯ ಜಿಡ್ಡು ಇದರಿಂದಲೇ ಹೋಗುವುದು. ನನ್ನ ಬಟ್ಟೆ ಮೂರು ಸಲ ಕಪ್ಪಾಯಿತು, ಆ 'ಸ್ಪೆಷಲ್' ಇನ್ನೂ ಒಳಗೇ ಇತ್ತು! ಥಿನ್ನರ್, ಪೆಟ್ರೋಲ್ ಮುಟ್ಟಲೇಬೇಡಿ. ಥಿನ್ನರ್ ತಾಗಿದರೆ ಪಕ್ಕದ ಪೇಂಟ್ ಹಾಳು, ಕನ್ನಡಿಯ ಹೊದಿಕೆಯಂಥ ಎಬಿಎಸ್ ಪ್ಲಾಸ್ಟಿಕ್ ಕರಗಿಯೇ ಹೋಗಬಹುದು.

ಏನು ಹಚ್ಚುವುದು? ಹೊಳಪಿನ ಸಿಲಿಕೋನ್ ಸ್ಪ್ರೇ ಅಗ್ಗ. ಎರಡು ಮಳೆಗೆ ಮುಗಿಯಿತು. ನೀರಿನಂಥ, ಹಾಲು ಬಣ್ಣದ ಡ್ರೆಸಿಂಗ್ ಸಿಗುತ್ತದೆ. ಹೊಳಪು ಕಡಿಮೆ, ಕೈಗೆ ಅಂಟುವುದಿಲ್ಲ, ಕೆಲವು ವಾರ ಇರುತ್ತದೆ. ತಿಂಗಳಿಗೊಮ್ಮೆ ಹಚ್ಚುವ ತಾಳ್ಮೆ ಇದ್ದರೆ ಇದೇ ಸಾಕು. ಇನ್ನು ಟ್ರಿಮ್ ರೆಸ್ಟೋರರ್, ಗಟ್ಟಿಯಾಗಿ ಕೂರುವ ಜಾತಿ. ಕೆಲವದರಲ್ಲಿ ಕಪ್ಪು ಬಣ್ಣವೂ ಇರುತ್ತದೆ. ಪ್ಲಾಸ್ಟಿಕ್ಕಿಗೆಂದೇ ಮಾಡಿದ ಸೆರಾಮಿಕ್ ಕೋಟಿಂಗ್ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ತಪ್ಪಾಗಿ ಹಚ್ಚಿದರೆ ಆ ತಪ್ಪೂ ಅಷ್ಟೇ ಕಾಲ ಬಾಳುತ್ತದೆ. ನಾನು ತಗೊಂಡದ್ದು ಸೆರಾಮಿಕ್ಕಿನದು, 30 ಎಂಎಲ್ ಬಾಟಲಿ. ಇಡೀ ಕಾರಿಗೆ ಸಾಕಾಗಿ ಸ್ವಲ್ಪ ಉಳಿಯಿತು.

ಪೇಂಟ್ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಕೈಗೆ ಗ್ಲವ್ಸ್ ಹಾಕಿಕೊಳ್ಳಿ, ಬಣ್ಣದ ದ್ರವವಾದರೆ ಉಗುರಿನ ಸಂದಿ ವಾರಗಟ್ಟಲೆ ಕಪ್ಪಾಗಿರುತ್ತದೆ. ಸ್ಪಂಜಿಗೆ ನಾಲ್ಕೈದು ಹನಿ. ಒಂದು ಮೊಳದಷ್ಟು ಜಾಗಕ್ಕೆ ಅಡ್ಡ, ಉದ್ದ ಸವರಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸದಿದ್ದರೆ ಅಲ್ಲಲ್ಲಿ ಹೊಳೆಯುವ ಮಚ್ಚೆ ಉಳಿಯುತ್ತದೆ. ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ತೆಳ್ಳಗೆ ಎರಡು ಸಲ. ಪೇಂಟಿಗೆ ತಾಗಿದರೆ ತಕ್ಷಣ ಆಲ್ಕೊಹಾಲಿನಿಂದ ಒರೆಸಿ. ವೈಪರ್ ರಬ್ಬರಿಗೆ, ಗಾಜಿಗೆ ತಾಗಿಸಬೇಡಿ, ಮಳೆಯಲ್ಲಿ ಗಾಜು ಮಸುಕಾಗುತ್ತದೆ. ಟೇಪನ್ನು ಅದೇ ದಿನ ಕಿತ್ತುಬಿಡಿ.

ಹೀಟ್ ಗನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಡಿಯೊದಲ್ಲಿ ಮ್ಯಾಜಿಕ್ಕಿನ ಹಾಗೆ ಕಾಣುತ್ತದೆ. ಬಿಸಿಗೆ ಒಡೆದ ಮೇಲ್ಮೈ ಕರಗಿ ಸಮವಾಗುತ್ತದೆ, ಕಪ್ಪು ಬರುತ್ತದೆ, ನಿಜ. ಆದರೆ ಪಾಲಿಪ್ರೊಪಿಲೀನ್ ಕರಗುವುದು 160 ಡಿಗ್ರಿ ಆಸುಪಾಸಿನಲ್ಲಿ. ಗನ್ನಿನ ಗಾಳಿ 500 ಡಿಗ್ರಿಯನ್ನೂ ದಾಟಬಹುದು. ಗೆಳೆಯನ ಗನ್ ತಂದು ಜಾಲರಿಯ ಮೇಲೆ ಹಿಡಿದೆ. ಫೋನ್ ಬಂತು, ಎರಡು ಕ್ಷಣ ಕೈ ನಿಂತಿತು. ಅಂಗೈಯಗಲ ಜಾಗದಲ್ಲಿ ಗುಳಿಗಳೆಲ್ಲ ಅಳಿಸಿ ಬೋಳು ತಲೆಯ ಹಾಗೆ ಮಿನುಗತೊಡಗಿತು. ಸರಿಯಾಗಿ ಮಾಡಿದರೂ ಮೇಲೊಂದು ರಕ್ಷಣೆಯ ಲೇಪ ಹಾಕದಿದ್ದರೆ ಬಿಸಿಲು ಮತ್ತೆ ಅದೇ ಕೆಲಸ ಮಾಡುತ್ತದೆ. ಪಾರ್ಕಿಂಗ್ ಸೆನ್ಸರ್, ಗಾಜು, ಸ್ಟಿಕ್ಕರ್ ಪಕ್ಕ ಅಂತೂ ಬೇಡವೇ ಬೇಡ.

ಆ ಜಾಲರಿಗೆ ಕೊನೆಗೆ ಪೇಂಟ್ ಮಾಡೋಣ ಅಂದುಕೊಂಡೆ. ಪಾಲಿಪ್ರೊಪಿಲೀನಿಗೆ ಪೇಂಟ್ ಸುಲಭಕ್ಕೆ ಹಿಡಿಯುವುದಿಲ್ಲ. ಮೊದಲು ಪ್ಲಾಸ್ಟಿಕ್ ಪ್ರೈಮರ್ ಹೊಡೆಯಬೇಕು, ಇಲ್ಲದಿದ್ದರೆ ಹಪ್ಪಳದ ಹಾಗೆ ಏಳುತ್ತದೆ. ಪ್ರೈಮರ್, ಮ್ಯಾಟ್ ಬ್ಲ್ಯಾಕ್ ಸ್ಪ್ರೇ, ಸ್ಯಾಂಡ್ ಪೇಪರ್ ಎಲ್ಲ ಲೆಕ್ಕ ಹಾಕಿದರೆ ಹೊಸ ಜಾಲರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೊಸದೇ ಹಾಕಿಸಿದೆ. ಹಾಕಿಸಿದ ದಿನವೇ ಅದಕ್ಕೂ ಕೋಟಿಂಗ್ ಹಚ್ಚಿದೆ. ಹೊಸ ಕಾರು ತಗೊಂಡವರು ಮೊದಲ ತಿಂಗಳಲ್ಲೇ ಹೀಗೆ ಮಾಡಿಕೊಂಡರೆ ಈ ತಿಕ್ಕಾಟವೇ ಇರುವುದಿಲ್ಲ.

ಈಗ ವಾರಕ್ಕೊಮ್ಮೆ ಬರೀ ನೀರಿನಲ್ಲಿ ಉಪ್ಪು ತೊಳೆಯುತ್ತೇನೆ. ಕವರ್ ಹಾಕುವುದಿಲ್ಲ. ನಮ್ಮ ಗುಡ್ಡದ ಗಾಳಿಗೆ ಅದು ಹಾರಾಡಿ, ಧೂಳಿನ ಜೊತೆ ಉಜ್ಜಿ ಪೇಂಟಿಗೇ ಗೀರು ಬೀಳುತ್ತದೆ. ಕಾರನ್ನು ಒಂದು ವಾರ ಮೂತಿ ಪಡುವಣಕ್ಕೆ, ಇನ್ನೊಂದು ವಾರ ಹಿಂದೆ ಮುಂದೆ ಮಾಡಿ ನಿಲ್ಲಿಸುತ್ತೇನೆ. ತೊಳೆಯುವಾಗ ನೀರು ಹನಿಹನಿಯಾಗಿ ಉರುಳಿದರೆ ಲೇಪ ಇನ್ನೂ ಇದೆ. ಹಾಳೆಯ ಹಾಗೆ ಹರಡಿ ನಿಂತರೆ ಮೊದಲು ಸೋಪು ಹಾಕಿ ತಿಕ್ಕಿ ನೋಡಿ, ಬರೀ ಕೊಳೆಯೂ ಇರಬಹುದು. ತಿಕ್ಕಿದ ಮೇಲೂ ಹರಡಿದರೆ ಮತ್ತೆ ಹಚ್ಚುವ ಕಾಲ ಬಂದಿದೆ. ನನ್ನದರಲ್ಲಿ ಮುಂದಿನ ಬಂಪರ್ ಹತ್ತನೇ ತಿಂಗಳಿಗೆ ಸೋತಿತು. ಹಿಂದಿನದರ ಮೇಲೆ ನೀರು ಇನ್ನೂ ಉರುಳುತ್ತಿದೆ.