ಪುಟ್ಟ ಹಾಟ್‌ರಾಡ್‌ಗೆ ಜಿಪ್ಸಿ ಗೇರ್‌ಬಾಕ್ಸ್ ಕೂರಿಸಿದ ಅನುಭವ

ಹಳೇ ಫೋರ್ಡ್ ಕಾರಿನ ಮಡ್‌ಗಾರ್ಡು, ಬಂಪರು ಎಲ್ಲ ಕಿತ್ತು ಹಗುರ ಮಾಡಿ, ಎಂಜಿನ್ ಜೋರು ಮಾಡಿ ಅಮೆರಿಕದ ಹುಡುಗರು ಓಡಿಸುತ್ತಿದ್ದ ಗಾಡಿಗೆ ಹಾಟ್‌ರಾಡ್ ಅನ್ನುತ್ತಾರೆ. 1932ರಲ್ಲಿ ಫೋರ್ಡ್ ಕಂಪನಿ ಕಮ್ಮಿ ಬೆಲೆಯ ಕಾರಿಗೂ ವಿ-8 ಎಂಜಿನ್ ಹಾಕಿದ ಮೇಲೆ ಅಲ್ಲಿ ಆ ಹುಚ್ಚು ಇನ್ನೂ ಹೆಚ್ಚಾಯಿತು. ತುಮಕೂರಿನಲ್ಲಿ ಕೂತು ವಿ-8 ಹುಡುಕಿಕೊಂಡು ಹೋದರೆ ಮನೆ ಪತ್ರ ಅಡ ಇಡಬೇಕಾಗುತ್ತೆ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಓಡಿಸಿ ಹೊಟ್ಟೆ ಹೊರೆಯುವ ನನಗೆ ಆಗಿದ್ದು ಇಷ್ಟು: ಬಾಕ್ಸ್ ಪೈಪಿನ ಚಾಸಿ, ಟಿಂಕರ್ ಕೈಯಲ್ಲಿ ತಟ್ಟಿಸಿದ ಎರಡು ಸೀಟಿನ ತಗಡಿನ ಬಾಡಿ, ಹಿಂದೆ ಪ್ರೀಮಿಯರ್ ಪದ್ಮಿನಿಯ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗು, ಮುಂದೆ ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್. ಇಲ್ಲಿ ಬರೆಯುತ್ತಿರುವುದು ಗೇರ್‌ಬಾಕ್ಸ್ ವಿಚಾರ ಮಾತ್ರ. ಬಾಡಿ, ಪೇಂಟು ನೋಡಿ ಜನ ಫೋಟೋ ತೆಗೆದುಕೊಳ್ಳುತ್ತಾರೆ, ಆದರೆ ತಲೆ ಬಿಸಿ ಆಗೋದೆಲ್ಲ ಅದರ ಅಡಿಯಲ್ಲೇ.

ಹಿಂದಿನ ಚಕ್ರ ಓಡಿಸುವ ಸಣ್ಣ ಗೇರ್‌ಬಾಕ್ಸ್ ನಮ್ಮಲ್ಲಿ ಹೆಚ್ಚು ಬಗೆ ಸಿಗುವುದಿಲ್ಲ. ಪದ್ಮಿನಿಯದ್ದು ನಾಲ್ಕೇ ಗೇರು, ಅದೂ ಹೆಚ್ಚಾಗಿ ಸ್ಟೇರಿಂಗ್ ಪಕ್ಕದ ಹಿಡಿ. ಕಾಂಟೆಸಾದ ಇಸುಜು ಐದು ಗೇರಿನ ಬಾಕ್ಸು ಗಟ್ಟಿ ಮಾಲು. ಆದರೆ ಅದನ್ನು ಬೇರೆ ಎಂಜಿನ್‌ಗೆ ಕಟ್ಟಬೇಕಾದರೆ ನಡುವೆ ಎರಡನ್ನೂ ಹೊಂದಿಸುವ ಅಡಾಪ್ಟರ್ ಪ್ಲೇಟ್ ಬೇಕು. ಪ್ಲೇಟ್ ಕಡೆಯುವುದು ನನ್ನ ಕಸುಬೇ, ಆದರೂ ಬೇಡ ಅಂದೆ. ಎಂಜಿನ್ನಿನ ಕ್ರ್ಯಾಂಕಿನ ನಡುವಿಗೂ, ಗೇರ್‌ಬಾಕ್ಸಿನೊಳಕ್ಕೆ ಶಕ್ತಿ ತರುವ ಇನ್‌ಪುಟ್ ಶಾಫ್ಟಿನ ನಡುವಿಗೂ ಕಾಲು ಮಿಲಿಮೀಟರ್ ವ್ಯತ್ಯಾಸ ಬಂದರೂ ಬೇರಿಂಗು, ಕ್ಲಚ್ಚು ಎರಡನ್ನೂ ತಿಂದು ಹಾಕುತ್ತೆ. ಕಂಪನಿಯವರೇ ಜೋಡಿ ಮಾಡಿ ಕೊಟ್ಟಿರುವ ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೇ ಸಿಗುವಾಗ ಆ ಉಸಾಬರಿ ಯಾಕೆ?

ಜಿಪ್ಸಿ ಫೋರ್ ವೀಲ್ ಡ್ರೈವ್ ಗಾಡಿ, ಅದರ ಬಾಕ್ಸು ನಿಮ್ಮ ಕಾರಿಗೆ ಹೇಗೆ ಆಗುತ್ತೆ ಅಂತ ಬಹಳ ಜನ ಕೇಳಿದರು. ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ. ಎರಡರ ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಟ್ರಾನ್ಸ್‌ಫರ್ ಕೇಸನ್ನು ಅಲ್ಲೇ ಬಿಟ್ಟು ಬಂದರೆ ಕೈಯಲ್ಲಿ ಉಳಿಯುವುದು ಸೀದಾ ಐದು ಗೇರಿನ ಬಾಕ್ಸು. ಗೇರ್ ಹಿಡಿಯೂ ಬಾಕ್ಸಿನ ತಲೆ ಮೇಲೇ ಇರುತ್ತೆ, ರಾಡು, ಕೇಬಲ್ಲುಗಳ ರಗಳೆ ಇಲ್ಲ.

ಆದರೆ ಒಂದು ಲೆಕ್ಕ ಇದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ತನ್ನ ಹೈ ಗೇರಿನಲ್ಲಿದ್ದಾಗಲೂ ಸುಮಾರು 1.4 ಪಟ್ಟು ವೇಗ ತಗ್ಗಿಸುತ್ತದೆ. ಅದನ್ನು ತೆಗೆದರೆ ಎಲ್ಲ ಗೇರೂ ಅಷ್ಟು ಉದ್ದ ಆಗುತ್ತೆ, ಫಸ್ಟ್ ಗೇರಿನಲ್ಲಿ ಎಳೆತ ಕಮ್ಮಿಯಾಗುತ್ತೆ. ಆದ್ದರಿಂದ ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್ (ಶಾಫ್ಟಿನ ಸುತ್ತನ್ನು ಚಕ್ರಗಳಿಗೆ ತಿರುಗಿಸುವ ಹಲ್ಲುಚಕ್ರದ ಜೋಡಿ) ಲೆಕ್ಕ ಮೊದಲು ಗೊತ್ತಿರಬೇಕು. ಅದಕ್ಕೆ ಹೌಸಿಂಗ್ ಬಿಚ್ಚಬೇಕಿಲ್ಲ. ಒಂದು ಚಕ್ರ ನೆಲಕ್ಕೆ ಒತ್ತಿರಲಿ, ಇನ್ನೊಂದನ್ನು ಜಾಕಿ ಕೊಟ್ಟು ಎತ್ತಿ. ಟೈರಿನ ಮೇಲೊಂದು, ಶಾಫ್ಟು ಬೋಲ್ಟ್ ಆಗುವ ಪಿನಿಯನ್ ಫ್ಲ್ಯಾಂಜಿನ ಮೇಲೊಂದು ಚಾಕ್‌ಪೀಸ್ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಫ್ಲ್ಯಾಂಜ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ರೇಶಿಯೋ. ನನಗೆ 4.3 ಬಂತು. ಟೈರು 165/80, 14 ಇಂಚಿನದು, ಸುತ್ತಳತೆ ಸುಮಾರು 1.95 ಮೀಟರ್. ನಾಲ್ಕನೇ ಗೇರು ಒಂದಕ್ಕೊಂದು, ಐದನೆಯದು 0.795. ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲಿದ್ದಾಗ ನಾಲ್ಕರಲ್ಲಿ ಗಂಟೆಗೆ 81 ಕಿ.ಮೀ., ಐದರಲ್ಲಿ 102. ಫಸ್ಟ್ ಗೇರು 3.652, ಆಕ್ಸಲ್ ಸೇರಿಸಿದರೆ 15.7. ಜಿಪ್ಸಿಗಿಂತ ಕಮ್ಮಿ, ನಿಜ. ಆದರೆ ನನ್ನ ಗಾಡಿ ಅದಕ್ಕಿಂತ ಬಹಳ ಹಗುರ, ಇದು ಸಾಕು.

ಬಾಕ್ಸು ಸಿಕ್ಕಿದ್ದು ಬೆಂಗಳೂರಿನ ಗುಜರಿಯಲ್ಲಿ. ಅಲ್ಲಿ ಹೊರಗಿನ ಹೊಳಪು ನೋಡಬೇಡಿ, ಡ್ರೈನ್ ಬೋಲ್ಟ್ ಬಿಚ್ಚಿಸಿ ನೋಡಿ. "ಭಾಯಿ, ಆಯಿಲ್ ಸ್ವಲ್ಪ ಇಳಿಸಿ ನೋಡ್ತೀನಿ" ಅಂದೆ. "ನೋಡ್ಕೊಳಿ ಸಾ, ಮಾಲ್ ಸಾಚಾ ಐತೆ" ಅಂತ ಸ್ಪ್ಯಾನರ್ ಕೊಟ್ಟರು. ಆಯಿಲ್‌ಗೆ ಅಯಸ್ಕಾಂತ ಅದ್ದಿದಾಗ ಬೂದುಬಣ್ಣದ ನುಣ್ಣನೆ ಪೇಸ್ಟ್ ಬಂದರೆ ಪರವಾಗಿಲ್ಲ, ಅದು ವರ್ಷಗಳ ಸವಕಲು. ಚೂರು ಸಿಕ್ಕರೆ, ಹಲ್ಲು ಒಡೆದಿದೆ ಅಂತ ತಿಳಿದು ಎದ್ದು ಬನ್ನಿ. ಆಮೇಲೆ ಒಂದೊಂದೇ ಗೇರ್ ಹಾಕಿ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಶಾಫ್ಟಿನ ತುದಿ ಸ್ವಲ್ಪ ಅಲ್ಲಾಡಿದರೆ ಹೆದರಬೇಡಿ. ಆ ತುದಿಗೆ ಆಸರೆ ಕೊಡುವ ಸಣ್ಣ ಪೈಲಟ್ ಬೇರಿಂಗು ಎಂಜಿನ್ ಕಡೆ ಇರುತ್ತೆ, ಬಾಕ್ಸು ಒಂದೇ ಇದ್ದಾಗ ಅದು ಅಲ್ಲಾಡಲೇಬೇಕು. ಹಿಂದಿನ ಔಟ್‌ಪುಟ್ ಕಡೆ ಅಲ್ಲಾಟ ಇದ್ದರೆ ಮಾತ್ರ ಯೋಚನೆ ಮಾಡಿ. ಅದೇ ಅಂಗಡಿಯಲ್ಲಿ ಮುರಿದ ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದನ್ನು ಕಬ್ಬಿಣದ ತೂಕಕ್ಕೆ ತಂದೆ. ಕ್ಲಚ್ ಪ್ಲೇಟನ್ನು ನಡುವಿಗೆ ತರಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಕ್ಲಚ್ ಕೆಲಸದಲ್ಲಿ ಹೊಸದೇನಿಲ್ಲ. ಫ್ಲೈವೀಲನ್ನು ಲೇತಿಗೆ ಹಾಕಿ ಮುಖ ತೆಳ್ಳಗೆ ಹೊಡೆದೆ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು ನಾಲ್ಕೂ ಹೊಸದು. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸ್ ಕಡೆಗೆ. ಬಾಕ್ಸನ್ನು ಒಳಗೆ ತಳ್ಳುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋತು ಬೀಳಬಾರದು, ಬಿದ್ದರೆ ಪ್ಲೇಟು ಸೊಟ್ಟಗಾಗಿ ಗೇರ್ ಬೀಳುವುದೇ ಇಲ್ಲ. ಕ್ಲಚ್ ಮುಚ್ಚುವ ಬೆಲ್ ಹೌಸಿಂಗನ್ನು ಜಾಗಕ್ಕೆ ತರುವುದು ಡೋವೆಲ್ ಪಿನ್ನುಗಳು, ಅಂದರೆ ಸಣ್ಣ ಗೂಟಗಳು. ಅವು ಕೂತು, ಎರಡು ಮುಖ ಕೈಯಲ್ಲೇ ಅಂಟಿದ ಮೇಲೆ ಬೋಲ್ಟ್ ಹಾಕಿ. ಸಂದು ಇದ್ದಾಗ ಬೋಲ್ಟಿನಿಂದ ಎಳೆದರೆ ಅಲ್ಯೂಮಿನಿಯಂ ಕಿವಿ ಪಟ್ ಅಂತ ಮುರಿಯುತ್ತೆ.

ಕೋನದ ಕೆಲಸಕ್ಕೆ ಮಾತ್ರ ಯಾರೂ ಅವಸರ ಮಾಡಬಾರದು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೂ ಯು.ಜೆ. (ಯುನಿವರ್ಸಲ್ ಜಾಯಿಂಟ್) ಕ್ರಾಸ್ ಇರುತ್ತೆ, ಓರೆ ಇದ್ದರೂ ತಿರುಗಲು ಬಿಡುವ ಕೀಲು ಅದು. ಓರೆಯಲ್ಲಿ ತಿರುಗುವ ಕ್ರಾಸು ಒಂದು ಸುತ್ತಿನೊಳಗೆ ಎರಡು ಸಲ ವೇಗ ಹೆಚ್ಚಿಸಿ, ಎರಡು ಸಲ ತಗ್ಗಿಸುತ್ತೆ. ಮುಂದಿನ ಕ್ರಾಸು ಮಾಡಿದ ಈ ಏರುಪೇರನ್ನು ಹಿಂದಿನದು ಅಳಿಸಬೇಕು. ಅದಾಗಬೇಕಾದರೆ ಎರಡು ಕಡೆಯ ಓರೆ ಸಮ ಇರಬೇಕು. ಅಂದರೆ ಗೇರ್‌ಬಾಕ್ಸಿನ ಹಿಂಬದಿ 3 ಡಿಗ್ರಿ ಕೆಳಕ್ಕೆ ಬಾಗಿದ್ದರೆ ಪಿನಿಯನ್ ಮೂತಿ ಅಷ್ಟೇ ಮೇಲಕ್ಕೆ ನೋಡಬೇಕು. ಜೊತೆಗೆ ಕ್ರಾಸನ್ನು ಹಿಡಿಯುವ ಶಾಫ್ಟಿನ ಎರಡು ಯೋಕುಗಳು (ಕವಲುಗಳು) ಒಂದೇ ಸಾಲಿನಲ್ಲಿರಬೇಕು. ಹಾಗಂತ ಓರೆ ಸೊನ್ನೆ ಆದರೂ ಒಳ್ಳೆಯದಲ್ಲ, ಕ್ರಾಸಿನೊಳಗಿನ ಸೂಜಿ ರೋಲರ್‌ಗಳು ಉರುಳದೆ ನಿಂತಲ್ಲೇ ಗುಳಿ ಮಾಡುತ್ತವೆ. 1ರಿಂದ 3 ಡಿಗ್ರಿ ಒಳಗೆ ಇದ್ದರೆ ಸರಿ.

ಸಣ್ಣ ಗಾಡಿಗೆ ಇದು ಯಾಕೆ ಕಷ್ಟ ಅಂದರೆ, ಶಾಫ್ಟು ಗಿಡ್ಡ. ನನ್ನದು 70 ಸೆಂಟಿಮೀಟರ್. ಅಷ್ಟು ಉದ್ದಕ್ಕೆ ಒಂದು ತುದಿ 12 ಮಿಲಿಮೀಟರ್ ಏರಿದರೆ ಒಂದು ಡಿಗ್ರಿ ಬದಲಾಯಿತು. ಅದಕ್ಕೇ ಖಾಲಿ ಚಾಸಿ ಮೇಲೆ ಅಳತೆ ತೆಗೆಯುವುದು ದಂಡ. ನಾನು ಸೀಟಿನ ಜಾಗದಲ್ಲಿ ಇಬ್ಬರ ತೂಕದ ಮರಳುಚೀಲ ಇಟ್ಟು, ಪೆಟ್ರೋಲ್ ಟ್ಯಾಂಕಿಗೆ ನೀರು ತುಂಬಿ, ಗಾಡಿ ತನ್ನ ಚಕ್ರಗಳ ಮೇಲೇ ನಿಂತಿರುವಾಗ ಅಳೆದೆ. ಮೊದಲು ಗಾರೆ ಮೇಸ್ತ್ರಿಯ ರಸಮಟ್ಟದಲ್ಲಿ ಚಾಸಿ ಸಮ ಇದೆಯೇ ಅಂತ ನೋಡಿ, ಆಮೇಲೆ ಮೊಬೈಲಿನ ಕೋನ ಅಳೆಯುವ ಆ್ಯಪನ್ನು ಫ್ಲ್ಯಾಂಜಿನ ಮುಖಕ್ಕೆ ಹಿಡಿದು ಓದಿದೆ. ಪಟ್ಟಿ ಸ್ಪ್ರಿಂಗಿನ ಆಕ್ಸಲ್, ಆಕ್ಸಿಲರೇಟರ್ ಒತ್ತಿದಾಗ ಮೂತಿ ಎತ್ತುತ್ತೆ. ಅದಕ್ಕೆ ಪಿನಿಯನ್ನನ್ನು ಲೆಕ್ಕಕ್ಕಿಂತ 1 ಡಿಗ್ರಿ ತಗ್ಗಿಸಿಯೇ ಇಟ್ಟೆ.

ವೆಲ್ಡರ್ ಹುಡುಗನಿಗೆ ತಾಳ್ಮೆ ಇರಲಿಲ್ಲ. "ಅಣ್ಣ, ಪೂರ್ತಿ ಹೊಡೆದ್ಬಿಡ್ಲಾ?" "ಬೇಡ ಕಣೋ, ಟ್ಯಾಕ್ ಮಾತ್ರ ಹಾಕು." ಟ್ಯಾಕ್ ಅಂದರೆ ಅಲ್ಲಲ್ಲಿ ಹಾಕುವ ಚುಕ್ಕೆ ವೆಲ್ಡು. ಅದರ ಮೇಲೇ ಎಂಜಿನ್ನು, ಬಾಕ್ಸು, ಶಾಫ್ಟು ಎಲ್ಲ ಕೂರಿಸಿ, ಅಳೆದು, ಬಿಚ್ಚಿ, ಕೊನೆಗೆ ಪೂರ್ತಿ ವೆಲ್ಡ್. ಗೇರ್‌ಬಾಕ್ಸ್ ಅಡಿಯ ಅಡ್ಡಪಟ್ಟಿಯನ್ನು ಮಾತ್ರ ವೆಲ್ಡ್ ಮಾಡಿಸದೆ ಬೋಲ್ಟಿನಲ್ಲಿ ನಿಲ್ಲಿಸಿದ್ದೇನೆ. ನಾಳೆ ಕ್ಲಚ್ ಹೋದರೆ ಎಂಜಿನ್ ಇಳಿಸದೆ ಬಾಕ್ಸನ್ನು ಕೆಳಗಿಂದಲೇ ತೆಗೆಯಬಹುದು.

ಶಾಫ್ಟಿಗೆ ಜಿಪ್ಸಿಯ ಗಿಡ್ಡ ಶಾಫ್ಟಿನ ಮುಂದಿನ ತುದಿಯನ್ನು, ಪದ್ಮಿನಿಯ ಹಿಂದಿನ ಫ್ಲ್ಯಾಂಜನ್ನು ಹೊಸ ಟ್ಯೂಬಿಗೆ ಸೇರಿಸಿದೆ. ಲೇತಿನಲ್ಲಿ ಸೆಂಟರ್ ಹಿಡಿದು ಟ್ಯಾಕ್ ಹಾಕಿಸುವವರೆಗೂ ನನ್ನ ಕೆಲಸ, ಬ್ಯಾಲೆನ್ಸಿಂಗ್ ಮಾಡಿಸಲು ಬೆಂಗಳೂರಿಗೇ ಒಯ್ದೆ. ಗೇರ್‌ಬಾಕ್ಸಿನೊಳಗೆ ಜಾರುವ ಹಲ್ಲುಗೆರೆಯ ತುದಿ (ಸ್ಪ್ಲೈನ್) ಪೂರ್ತಿ ಒಳಗೆ ಹೋದ ಜಾಗದಿಂದ ಎರಡು ಸೆಂಟಿಮೀಟರಿನಷ್ಟು ಹೊರಗೆ ಇರಲಿ, ಇಲ್ಲದಿದ್ದರೆ ಹಳ್ಳಕ್ಕೆ ಬಿದ್ದಾಗ ಶಾಫ್ಟು ಗೇರ್‌ಬಾಕ್ಸನ್ನೇ ಗುದ್ದುತ್ತೆ. ಮುಂದಿನ ಕ್ರಾಸಿನ ಹತ್ತಿರ ದಪ್ಪ ಪಟ್ಟಿಯ ಬಳೆಯೊಂದನ್ನು ಚಾಸಿಗೆ ಕಟ್ಟಿಸಿದ್ದೇನೆ. ಕ್ರಾಸ್ ಮುರಿದರೂ ಶಾಫ್ಟಿನ ತುದಿ ನೆಲಕ್ಕೆ ನಾಟಿಕೊಳ್ಳಬಾರದು.

ಗೇರ್ ಹಿಡಿ ಮೊಣಕಾಲಿಗೆ ತಾಗುತ್ತಿತ್ತು. ಕಾಯಿಸಿ ಹಿಂದಕ್ಕೆ ಬಗ್ಗಿಸಿದೆ. ರಿವರ್ಸ್ ಸೇರಿ ಎಲ್ಲ ಗೇರೂ ಹಾಕಿ ನೋಡಿದ ಮೇಲೆಯೇ ಟಿಂಕರ್‌ಗೆ ಬಾಕ್ಸಿನ ಮೇಲಿನ ಟನಲ್ ತಗಡು ಮುಚ್ಚಲು ಹೇಳಿದ್ದು. ಸ್ಪೀಡೋಮೀಟರ್ ಕೇಬಲ್ ವಿಚಾರ ಹಲವರಿಗೆ ಹೊಳೆಯುವುದಿಲ್ಲ: ಜಿಪ್ಸಿಯಲ್ಲಿ ಅದು ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದು ಹೋದ ಮೇಲೆ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ, ಜಿಪಿಎಸ್ ಮೀಟರ್ ಹಾಕಿದೆ. ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್, ಫಿಲ್ಲರ್ ತೂತಿನಿಂದ ತೊಟ್ಟಿಕ್ಕುವವರೆಗೆ.

ಎಂಜಿನ್, ಗೇರ್‌ಬಾಕ್ಸ್ ಎರಡೂ ರಬ್ಬರಿನ ಮೇಲೆ ಕೂತಿರುತ್ತವೆ. ಎಂಜಿನ್‌ನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಕಟ್ಟದೆ ಸ್ಟಾರ್ಟರ್ ಒತ್ತಿದರೆ ಆ ಕರೆಂಟೆಲ್ಲ ಸಿಕ್ಕ ಲೋಹದ ದಾರಿ ಹಿಡಿಯುತ್ತೆ. ಆ ದಾರಿ ಬಹಳ ಸಲ ಕ್ಲಚ್ ಕೇಬಲ್ಲೇ. ಹೊಸ ಕೇಬಲ್ ಬಿಗಿಯಾಗಿ ಎಳೆಯುತ್ತಿದ್ದರೆ, ಒಳಗಿನ ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ, ಕೇಬಲ್ ಕಂಪನಿಯನ್ನು ಬಯ್ಯುವ ಮೊದಲು ಅರ್ತ್ ನೋಡಿ.

ಸ್ಟ್ಯಾಂಡ್ ಮೇಲೆ ಎತ್ತಿ ಗೇರು ಪರೀಕ್ಷೆ ಮಾಡುವವರಿಗೆ ಒಂದು ಮಾತು: ಸ್ಟ್ಯಾಂಡನ್ನು ಆಕ್ಸಲ್ ಅಡಿಗೇ ಕೊಡಿ. ಚಾಸಿಗೆ ಕೊಟ್ಟರೆ ಆಕ್ಸಲ್ ಜೋತು ಬಿದ್ದು ಕೋನವೆಲ್ಲ ಕೆಟ್ಟು, ಇಲ್ಲದ ನಡುಕ ಕಾಣಿಸುತ್ತೆ. ರಸ್ತೆಗೆ ಮಾತ್ರ ಇದನ್ನು ಇಳಿಸಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮತ್ತೆ ಹೇಳಿದೆ. ನನ್ನ ಗಾಡಿಗಂತೂ ಆರ್‌ಸಿಯೇ ಇಲ್ಲ. ಕ್ಯಾಂಟರ್‌ನಲ್ಲಿ ಹೇರಿಕೊಂಡು ಗುಬ್ಬಿ ಕಡೆ ಭಾವಮೈದನ ತೆಂಗಿನ ತೋಟಕ್ಕೆ ಹೋಗುವುದು, ಅಲ್ಲಿನ ಕೆಮ್ಮಣ್ಣಿನ ದಾರಿಯಲ್ಲಿ ಓಡಿಸುವುದು. ಐದನೇ ಗೇರು ಹಾಕುವಷ್ಟು ಉದ್ದ ಆ ತೋಟಕ್ಕಿಲ್ಲ. ಮೂರರವರೆಗೆ ನಡುಕ ಇಲ್ಲ, ಗೇರು ಎರಡು ಬೆರಳಲ್ಲಿ ಬೀಳುತ್ತೆ. ಮೊದಲ ಓಟ ಮುಗಿದ ಮೇಲೆ ಫ್ಲ್ಯಾಂಜ್ ಬೋಲ್ಟುಗಳನ್ನು ಮತ್ತೆ ಬಿಗಿದು, ಆಯಿಲ್ ಬದಲಿಸಿದೆ. ಹಿಂದಿನ ಸೀಲಿನಲ್ಲಿ ಸ್ವಲ್ಪ ಜಿನುಗು ಇದೆ, ಸೀಲ್ ತಂದಿಟ್ಟಿದ್ದೇನೆ, ಮುಂದಿನ ಭಾನುವಾರ ಅದರ ಕೆಲಸ.