ಹಳದಿ ಜ್ವರದ ಪುಸ್ತಕ: ಲಸಿಕೆ ಕೇಂದ್ರದ ಮೇಜು ಬಿಡುವ ಮೊದಲು ಓದಿ ನೋಡಿ

ಕಾರವಾರ, ಅಂಕೋಲಾ ಕಡೆಯಿಂದ ಹಡಗಿನ ಕೆಲಸಕ್ಕೆ ಹೊರಡುವವರ ಕಾಗದಪತ್ರ ಜೋಡಿಸುವಾಗ ನಾನು ಮೊದಲು ಕೇಳುವುದೇ ಹಳದಿ ಜ್ವರದ ಪುಸ್ತಕ, ಅಂದರೆ ಆ ಜ್ವರದ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಕೊಡುವ ಅಂತಾರಾಷ್ಟ್ರೀಯ ಪ್ರಮಾಣಪತ್ರ. ನೈಜೀರಿಯಾದ ಲಾಗೋಸ್, ಬ್ರೆಜಿಲ್‌ನ ಸ್ಯಾಂಟೋಸ್ ಬಂದರುಗಳು ದಾರಿಯಲ್ಲಿದ್ದರೆ ಅದಿಲ್ಲದೆ ನಡೆಯದು.

ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರವೇ ಆಗಬೇಕು. ಕಾರವಾರದವರಿಗೆ ಗೋವಾದ ಮುರ್ಮಗೋವಾ ಬಂದರಿನ ಆರೋಗ್ಯ ಕಚೇರಿ ಅನುಕೂಲ. ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಿ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದು ಇರುತ್ತದೆ, ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಯಬೇಕು. ಹಾಗಾಗಿ ನಾಲ್ಕು ಜನ ಸೇರದೆ ಸೀಸೆ ಒಡೆಯಲು ಅವರಿಗೂ ಮನಸ್ಸಿರುವುದಿಲ್ಲ.

ಡೋಸ್ ಒಂದೇ, 0.5 ಮಿ.ಲೀ. ಆದರೆ ಪ್ರಮಾಣಪತ್ರ ಊರ್ಜಿತವಾಗುವುದು 10 ದಿನ ಕಳೆದ ಮೇಲೆ: ನವೆಂಬರ್ 5ಕ್ಕೆ ಚುಚ್ಚಿಸಿಕೊಂಡರೆ 15ರಿಂದ. ಕಂಪನಿ ಮೂರು ದಿನದಲ್ಲಿ ಹೊರಡು ಎಂದರೆ ಯಾರ ಕೈಯಲ್ಲೂ ಏನೂ ಆಗದು. ಇದು ಜೀವಂತ ವೈರಸ್‌ನ ಲಸಿಕೆ. ಮೊಟ್ಟೆಗೆ ತೀವ್ರ ಅಲರ್ಜಿ, ಥೈಮಸ್ (ಎದೆಯೊಳಗಿನ ಒಂದು ಗ್ರಂಥಿ) ಕಾಯಿಲೆ, ರೋಗನಿರೋಧಕ ಶಕ್ತಿ ಕುಂದಿರುವುದು ಇದ್ದರೆ ಮುಚ್ಚಿಡದೆ ಹೇಳಿ. 60 ದಾಟಿದವರು ಮೊದಲು ವೈದ್ಯರನ್ನು ಕೇಳಲಿ. ಲಸಿಕೆ ಕೊಡಬಾರದು ಎಂದಾದರೆ ಕಾರಣವನ್ನು ವೈದ್ಯರು ಇಂಗ್ಲಿಷ್ ಇಲ್ಲವೇ ಫ್ರೆಂಚ್‌ನಲ್ಲಿ ಬರೆದುಕೊಡಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಬರವಣಿಗೆಯಲ್ಲಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಅಕ್ಷರಶಃ ಹೊಂದಬೇಕು. ಅಪ್ಪನ ಹೆಸರು ಸೇರಿಸುವ, ಬಿಡುವ ನಮ್ಮೂರ ಪದ್ಧತಿ ಇಲ್ಲಿ ಕಾಡುತ್ತದೆ. ತಾರೀಖು ದಿನ, ತಿಂಗಳು, ವರ್ಷದ ಕ್ರಮದಲ್ಲಿರಬೇಕು, ತಿಂಗಳು ಅಕ್ಷರದಲ್ಲಿ. 05/11 ಎಂದು ಬರೆದರೆ ಕೆಲವು ದೇಶದವರು ಮೇ ತಿಂಗಳು ಎಂದು ಓದುತ್ತಾರೆ. ಬ್ಯಾಚ್ ನಂಬರ್, ತಯಾರಕರ ಹೆಸರು, ಕೇಂದ್ರದ ಮೊಹರು, ಕೈಯಾರೆ ಮಾಡಿದ ಸಹಿ, ಎಲ್ಲ ಬೇಕು. ಸಹಿಯ ಜಾಗದಲ್ಲಿ ಬರೀ ಮೊಹರು ನಡೆಯುವುದಿಲ್ಲ. ಅಳಿಸಿ ತಿದ್ದಿದ್ದರೆ ಅಲ್ಲೇ ಹೊಸ ಪುಸ್ತಕ ಕೇಳಿ. ನಿಮ್ಮ ಸಹಿಯನ್ನೂ ಮರೆಯಬೇಡಿ.

10 ವರ್ಷಕ್ಕೊಮ್ಮೆ ಹಾಕಿಸಬೇಕು ಎನ್ನುವ ಏಜೆಂಟರು ಇನ್ನೂ ಇದ್ದಾರೆ. 2016ರ ಜುಲೈ 11ರಿಂದ ಪ್ರಮಾಣಪತ್ರ ಜೀವನಪೂರ್ತಿ ಸಲ್ಲುತ್ತದೆ, ಹಳೆಯ ಪುಸ್ತಕಗಳೂ ಸೇರಿ. ಇದನ್ನು ಹೇಳುವ, ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 7ನೇ ಅನುಬಂಧದ ಒಂದು ಪ್ರತಿಯನ್ನು ಪುಸ್ತಕದೊಳಗೇ ಇಡಿಸುತ್ತೇನೆ.

ಲಾಗೋಸ್‌ನಲ್ಲಿ ಸೈನ್ ಆಫ್ ಆಗಿ (ಹಡಗಿನ ಕೆಲಸ ಮುಗಿಸಿ ಇಳಿದು), ಪುಸ್ತಕ ಕಳೆದುಕೊಂಡು ವಿಮಾನದಲ್ಲಿ ಬಂದಿಳಿದರೆ? ಭಾರತೀಯ ಪ್ರಜೆ ಎಂದಾಕ್ಷಣ ವಿನಾಯಿತಿ ಇಲ್ಲ, 6 ದಿನಗಳವರೆಗೆ ಕ್ವಾರಂಟೈನ್ ಮಾಡಬಹುದು. ಸ್ವಂತ ದೇಶಕ್ಕೆ ಬರುವ ಹಕ್ಕು ಮಾತ್ರ ಉಳಿದೇ ಇರುತ್ತದೆ. ಊಟ, ನೀರು, ಮನೆಯವರನ್ನು ಸಂಪರ್ಕಿಸುವ ಅವಕಾಶ ಕೊಡಬೇಕೆಂದು ಅದೇ ನಿಯಮಾವಳಿಯ 32ನೇ ವಿಧಿ ಹೇಳುತ್ತದೆ. ಕ್ವಾರಂಟೈನ್ ಖರ್ಚಿನ ಮಾತು 40ನೇ ವಿಧಿಯಲ್ಲಿದೆ. ಪ್ರಯಾಣಿಕನಿಂದ ಅದನ್ನು ವಸೂಲು ಮಾಡುವಂತಿಲ್ಲ. ಯಾರಾದರೂ ಹಣ ಕೇಳಿದರೆ ಜಗಳಕ್ಕಿಳಿಯದೆ ಲಿಖಿತ ಆದೇಶ ಮತ್ತು ರಸೀದಿ ಕೇಳಿ.

ಪರದೇಶದ ಗಡಿಯಲ್ಲಿ ಲೆಕ್ಕವೇ ಬೇರೆ. ಒಪ್ಪಿಗೆಯಿಲ್ಲದೆ ಚುಚ್ಚುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೂ ನೀವು ಬೇಡವೆಂದರೆ ಒಳಗೆ ಬಿಡದಿರುವ ಅಧಿಕಾರ ಅವರಿಗಿದೆ.