ಮಗುವನ್ನು ಮಾನಸಿಕ ಚಿಕಿತ್ಸೆಗೆ ದಾಖಲಿಸುವಾಗ ಅಪ್ಪ-ಅಮ್ಮನ ಹಕ್ಕುಗಳು

ಹದಿನೆಂಟು ತುಂಬದ ಮಗುವನ್ನು ಮಾನಸಿಕ ಚಿಕಿತ್ಸೆಗೆ ಹೇಗೆ ದಾಖಲಿಸಬೇಕು ಎನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಸೆಕ್ಷನ್‌ನಲ್ಲಿದೆ. ನಿಮ್ಹಾನ್ಸ್ ಆಗಲಿ, ಧಾರವಾಡದ ಡಿಮ್ಹಾನ್ಸ್ ಆಗಲಿ, ಖಾಸಗಿ ಆಸ್ಪತ್ರೆಯಾಗಲಿ, ನಿಯಮ ಒಂದೇ.

ದಾಖಲಾತಿಯ ಅರ್ಜಿಗೆ ಕಾನೂನುಬದ್ಧ ಪೋಷಕರೇ ಸಹಿ ಹಾಕಬೇಕು. ಸೋದರಮಾವನೋ ಅಜ್ಜಿಯೋ ಮಗುವನ್ನು ಕರೆತಂದರೆ ಕೆಲಸ ನಿಲ್ಲುವುದು ಇಲ್ಲೇ. ಪೋಷಕರ ಬದಲು ಬೇರೆಯವರನ್ನು ನೇಮಿಸುವ ಅಧಿಕಾರ ಇದೇ ಕಾಯ್ದೆಯಡಿ ರಚಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶೆ ಮಂಡಳಿಗೆ (ಮುಂದೆ ಬರೀ 'ಮಂಡಳಿ') ಮಾತ್ರ ಇದೆ. ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಹಳೆಯ ಔಷಧಿ ಚೀಟಿಗಳನ್ನು ಜೊತೆಗಿಟ್ಟುಕೊಳ್ಳಿ.

ಒಬ್ಬ ವೈದ್ಯರು ಹೇಳಿದರೆ ದಾಖಲಾತಿ ಆಗುವುದಿಲ್ಲ. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ಪರೀಕ್ಷೆ ದಾಖಲಾದ ದಿನವೋ ಹಿಂದಿನ 7 ದಿನಗಳೊಳಗೋ ನಡೆದಿರಬೇಕು. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಏಕೆ ಸಾಲದು ಎಂದು ಇಬ್ಬರನ್ನೂ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡದೆ ದಾಖಲಿಸಿಕೊಳ್ಳಲು ಬರುವುದಿಲ್ಲ. ಮಗುವಿನ ಇಷ್ಟವನ್ನೂ ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ನೀವೂ ಮಗುವಿಗೆ ಸುಳ್ಳು ಹೇಳಿ ಕರೆತರಬೇಡಿ.

ಮಗುವನ್ನು ದೊಡ್ಡವರ ಜೊತೆ ಮಲಗಿಸುವಂತಿಲ್ಲ. ಇಡೀ ಅವಧಿಗೆ ನೀವೋ ನೀವು ನೇಮಿಸಿದವರೋ ಜೊತೆಗಿರಲೇಬೇಕು. ಹೆಣ್ಣುಮಗುವಿನ ಪೋಷಕ ಗಂಡಸಾಗಿದ್ದರೆ ಹೆಂಗಸೊಬ್ಬರು ಇರಬೇಕು. ಕೆಲಸಕ್ಕೆ ರಜೆ, ಮನೆಯಲ್ಲಿರುವ ಇನ್ನೊಂದು ಮಗುವಿನ ಊಟ, ಶಾಲೆ ಇದನ್ನೆಲ್ಲ ದಾಖಲಾತಿಗೆ ಮುಂಚೆಯೇ ಹೊಂದಿಸಿಕೊಳ್ಳಿ. ಬಹಳ ಮನೆಯವರು ಸೋಲುವುದು ಇಲ್ಲಿಯೇ.

ಚಿಕಿತ್ಸೆ ನಿಮ್ಮ ಒಪ್ಪಿಗೆಯ ಮೇಲೆ ನಡೆಯುತ್ತದೆ. ಖಾಲಿ ಫಾರಂಗೆ ಸಹಿ ಬೇಡ. ರೋಗದ ಹೆಸರು, ಔಷಧಿಯ ಪ್ರಮಾಣ, ಅಡ್ಡಪರಿಣಾಮ, ಬೇರೆ ದಾರಿ ಏನಿದೆ ಎಂದು ಕೇಳಿ, ಬರೆದುಕೊಳ್ಳಿ. ಶಾಕ್ ಚಿಕಿತ್ಸೆ (ಇಸಿಟಿ) ಮಕ್ಕಳಿಗೆ ನಿಷೇಧ. ಇದಕ್ಕೆ ಒಂದೇ ವಿನಾಯಿತಿ: ಮನೋವೈದ್ಯರಿಗೆ ಅದು ಬೇಕೇ ಬೇಕು ಅನ್ನಿಸಿದರೆ ನಿಮ್ಮ ಒಪ್ಪಿಗೆಯ ಜೊತೆ ಮಂಡಳಿಯ ಅನುಮತಿಯನ್ನು ಮೊದಲೇ ಪಡೆಯಬೇಕು. ತುರ್ತು ಎಂಬ ನೆಪ ನಡೆಯದು. ಮಗುವನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ, ಸರಪಳಿ ಹಾಕುವಂತಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದೆ ಕಟ್ಟಿಹಾಕಿದ್ದರೆ 24 ಗಂಟೆಯೊಳಗೆ ನಿಮಗೆ ತಿಳಿಸಬೇಕು.

ದಾಖಲಾದ 72 ಗಂಟೆಯೊಳಗೆ ಆಸ್ಪತ್ರೆ ಮಂಡಳಿಗೆ ತಿಳಿಸಬೇಕು. ತಿಳಿಸಿದ್ದಾರೆಯೇ ಎಂದು ವಿಚಾರಿಸಿ. 30 ದಿನ ದಾಟಿದರೆ ಮಂಡಳಿ ವಿಷಯ ತಿಳಿದ 7 ದಿನದೊಳಗೆ ಪರಿಶೀಲಿಸಬೇಕು, ಆಮೇಲೆ ಪ್ರತಿ 30 ದಿನಕ್ಕೊಮ್ಮೆ.

ನೀವು ಬಿಡುಗಡೆ ಕೇಳಿದರೆ ಆಸ್ಪತ್ರೆ ಮಗುವನ್ನು ಕಳಿಸಲೇಬೇಕು. ಆದರೆ ಮಗು ಆತ್ಮಹತ್ಯೆಯ ಮಾತಾಡುತ್ತಿದ್ದರೆ, ಬಿಲ್ಲಿನ ಭಯಕ್ಕೋ ನೆಂಟರ ಮಾತಿಗೋ ಈ ಹಕ್ಕನ್ನು ಬಳಸಬೇಡಿ. ಮನೆಯಲ್ಲಿ ಯಾರು ಕಾವಲಿರುತ್ತಾರೆ, ಮಾತ್ರೆ ಯಾರ ಕೈಯಲ್ಲಿರುತ್ತದೆ, ಮುಂದಿನ ಭೇಟಿ ಯಾವಾಗ ಎಂದು ಮೊದಲು ವೈದ್ಯರೊಡನೆ ಕುಳಿತು ತೀರ್ಮಾನಿಸಿ. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು.

ದೂರಿದ್ದರೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ಮಂಡಳಿಗೆ ಹೋಗಿ. ಕಾನೂನು ನೆರವು ಉಚಿತ. ವಾರ್ಡಿನಲ್ಲಿರುವಾಗಲೇ ಮಗುವಿಗೆ ಹದಿನೆಂಟು ತುಂಬಿದರೆ ಅಂದಿನಿಂದ ಅವರು ಸ್ವತಂತ್ರ ರೋಗಿ. ಉಳಿಯುವ, ಹೊರಡುವ ಮಾತನ್ನು ಅವರೊಡನೆಯೇ ಆಡಬೇಕು.